ಒಂದೇ ತೊಟ್ಟಿಗೆ ಸುರಿದ ವರ್ಷ

ಮನೆಯಿಂದ, ಡಿಸೆಂಬರ್ ೯, ಸೋಮವಾರ ಮಧ್ಯಾಹ್ನ

ಮಗಳ ಮನೆಯ ಕಿಟಕಿ ಪಕ್ಕ ಕಾಲು ನೀಡಿ ಕೂತಿರುವ ನಮ್ಮ ಯಜಮಾನರಿಗೆ,

ತೊಡೆಯ ಮೂಳೆ ಕೂಡಿಕೊಂಡಿದೆ, ಕೋಲು ಹಿಡಿದು ಅಂಗಳದವರೆಗೆ ಹೋಗಿ ಬರುತ್ತೀರಿ ಎಂದು ಮಗಳು ಹೇಳಿದಳು. ಸಮಾಧಾನವಾಯಿತು. ನೋವು ಇನ್ನೂ ಇದೆಯೇ? ಮಾತ್ರೆ ನುಂಗುತ್ತೀರೋ, ದಿಂಬಿನ ಕೆಳಗೆ ಇಡುತ್ತೀರೋ? ಮೊಮ್ಮಗಳು ಮೀಸೆ ಎಳೆದರೆ ಗದರಬೇಡಿ, ನಿಮ್ಮ ಮೀಸೆಗೂ ವ್ಯಾಯಾಮ ಬೇಕು. ನಾನು ಚೆನ್ನಾಗಿದ್ದೇನೆ. ಸೊಂಟ ತನ್ನ ಪಾಡಿಗೆ ಗೊಣಗುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ವರ್ಷದ ವೈನಿನ ಕಥೆಯನ್ನು ಫೋನಿನಲ್ಲಿ ಪೂರ್ತಿ ಹೇಳಲಿಲ್ಲ. ಹೇಳಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದಕ್ಕೆ ಆ ಕಾಟವಿಲ್ಲ. ಕೋಪ ಬಂದರೂ ಕೊನೆಯ ಸಾಲಿನವರೆಗೆ ಓದಲೇಬೇಕು.

ಚಿಗುರಿನ ಕಾಲದಲ್ಲಿ ಹಿಮ ಬಿದ್ದು ದ್ರಾಕ್ಷಿ ಬಳ್ಳಿಗಳು ಬೆಂಕಿ ತಾಗಿದಂತೆ ಕರಕಲಾದದ್ದನ್ನು ನೀವೇ ನೋಡಿದ್ದೀರಿ. ಉಳಿದದ್ದು ಬಳ್ಳಿಗೆ ಮೂರೋ ನಾಲ್ಕೋ ಗೊಂಚಲು. ನೀವು ಜಾರಿ ಬಿದ್ದು ಆಸ್ಪತ್ರೆ ಸೇರಿದ ಮೇಲೆ, ಹಣ್ಣು ಕಪ್ಪಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ನೀರು ಕುಡಿದ ಹಣ್ಣು ಬಿರಿಯಿತು, ಬಿರಿದಲ್ಲೆಲ್ಲ ಬೂದುಬಣ್ಣದ ಬೂಷ್ಟು ಕೂತಿತು. ಗೊಂಚಲಿನ ಸುತ್ತಲಿನ ಎಲೆ ಕಿತ್ತು ಗಾಳಿಯಾಡುವಂತೆ ಮಾಡಿದೆ. ಅದರಿಂದ ಸಿಕ್ಕಿದ್ದು ಒಂದು ವಾರದ ಉಸಿರು. ಈ ವರ್ಷ ನೆಲಮಾಳಿಗೆ ಖಾಲಿಯೇ ಉಳಿಯುತ್ತದೆ ಎಂದುಕೊಂಡು, ನಿಮಗೆ ಅದನ್ನು ಯಾವ ಬಾಯಿಂದ ಹೇಳಲಿ ಎಂದು ಯೋಚಿಸುತ್ತಿದ್ದೆ.

ಮಾವನವರು ತೀರಿಕೊಂಡ ಮೇಲೆ ನೀವು ಮೇಲಿನ ಇಳಿಜಾರಿನ ಹಣ್ಣನ್ನು ಹುಳಿಯಿರುವಾಗಲೇ ಕೊಯ್ದಿರಿ, ನಿಮ್ಮ ತಮ್ಮ ಕೆಳಗಿನದು ಪೂರ್ತಿ ಮಾಗುವವರೆಗೆ ಕಾದ. ಇಷ್ಟಕ್ಕೇ ತೋಟ ಎರಡಾಯಿತು, ತೊಟ್ಟಿ ಎರಡಾಯಿತು, ಮಾತು ಮಾತ್ರ ಒಂದೂ ಉಳಿಯಲಿಲ್ಲ. ನಿಮ್ಮಿಬ್ಬರ ಮೌನದ ನಡುವೆ ನಾನು, ನನ್ನ ವಾರಗಿತ್ತಿ ಸೂಜಿ, ಉಪ್ಪು, ಊರ ಸುದ್ದಿ ದಾಟಿಸಿಕೊಂಡು ಬಂದೆವು. ಯಾವಾಗ ಕೊಯ್ಯಬೇಕು ಎಂಬ ನಿಮ್ಮ ಜಗಳವನ್ನು ಈ ಸಲ ಮಳೆಯೇ ತೀರಿಸಿತು: ಎರಡೂ ತೋಟ ಒಂದೇ ದಿನ ಕೊಯ್ಲಾಯಿತು. ನಿಮ್ಮ ತಮ್ಮನ ಕೊಟ್ಟಿಗೆ ಸೋರುತ್ತಿತ್ತು. ಎಲ್ಲ ಹಣ್ಣೂ ನಮ್ಮಲ್ಲಿಗೇ ಬಂತು, ನೀವಿಬ್ಬರೂ ಕೂಡಿದ್ದಾಗ ಕೊಂಡ ಅದೇ ನೀಲಿ ಕ್ರೇಟುಗಳಲ್ಲಿ. ನಮ್ಮದಕ್ಕೆ ಗೀಟು, ಅವರದಕ್ಕೆ ಸೊನ್ನೆ, ಎರಡೂ ಸೀಮೆಸುಣ್ಣದಲ್ಲಿ. ಮಳೆಯಲ್ಲಿ ಸೀಮೆಸುಣ್ಣದ ಗುರುತು ಹಾಕುವ ಬುದ್ಧಿ ನಮ್ಮ ಮನೆತನಕ್ಕೇ ಮೀಸಲು. ನಾನು, ವಾರಗಿತ್ತಿ ಮೇಜಿನ ಆಚೆ ಈಚೆ ಕೂತು ಬೂಷ್ಟು ಹಿಡಿದ ಹಣ್ಣನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತ, ಮಾತಿನಿಂದ ತಲೆಯೆತ್ತಿ ನೋಡಿದರೆ ಗುರುತೆಲ್ಲ ತೊಳೆದುಹೋಗಿ ಕ್ರೇಟುಗಳು ಬೋಳು.

ನಿಮ್ಮ ತಮ್ಮನ ಮುಖ ಕಪ್ಪಿಟ್ಟಿತು. ತನ್ನ ನಾಲಿಗೆಗೆ ಗುರುತು ಬೇಕಾಗಿಲ್ಲ ಎಂದು ಒಂದೊಂದು ಕ್ರೇಟಿನ ಹಣ್ಣು ಬಾಯಿಗೆ ಹಾಕಿಕೊಂಡು, "ಇದು ನಂದು, ಇದು ಅಣ್ಣಂದು" ಎಂದು ಬೇರೆ ಮಾಡತೊಡಗಿದ. ವಾರಗಿತ್ತಿ ಸುಮ್ಮನಿರುವವಳೇ? ಅವನು ತನ್ನದೆಂದ ಕ್ರೇಟನ್ನೇ ಹಿಂದಿನಿಂದ ಸುತ್ತಿಸಿ ತಂದು ಮತ್ತೆ ಅವನ ಮುಂದಿಟ್ಟಳು. ಅಗಿದ, ಕಣ್ಣು ಮುಚ್ಚಿದ, "ಈ ಹಾಳು ಹುಳಿ ಅಣ್ಣನಿಗೇ ಸರಿ" ಎಂದ. ಅವಳು ನಕ್ಕ ರಭಸಕ್ಕೆ ಕತ್ತರಿ ಕೈಜಾರಿತು. ಸಂಗತಿ ತಿಳಿದ ಮೇಲೆ ಅವನೂ ಅದೇ ಕ್ರೇಟಿನ ಅಂಚಿಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬೇರೆ ಮಾಡಿದ್ದರೂ ಯಾರ ತೊಟ್ಟಿಯೂ ಅರ್ಧ ತುಂಬುತ್ತಿರಲಿಲ್ಲ. ಅರೆತುಂಬಿದ ತೊಟ್ಟಿಯಲ್ಲಿ ವೈನ್ ಕೆಡುತ್ತದೆಂದು ನನಗೆ ಕಲಿಸಿದವರು ನೀವೇ. ಎರಡನ್ನೂ ಬೆರೆಸಿದ ದಿನ ಬಳ್ಳಿ ಕಡಿದು ಒಲೆಗೆ ಹಾಕುತ್ತೇನೆಂದವರೂ ನೀವೇ. ಅವನು ನನ್ನ ಮುಖ ನೋಡಿದ. ಒಂದೇ ತೊಟ್ಟಿಗೆ ಸುರಿಯಪ್ಪ ಎಂದವಳು ನಾನು. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಮಳೆನೀರಿಗೆ ರಸ ತೆಳ್ಳಗಾಗಿತ್ತು. ಒಂದಷ್ಟನ್ನು ಮೊದಲೇ ಬಸಿದು ತೆಗೆದೆವು, ಉಳಿದದ್ದಕ್ಕಾದರೂ ಸಿಪ್ಪೆಯ ಬಣ್ಣ ಗಟ್ಟಿಯಾಗಿ ಹತ್ತಲಿ ಎಂದು. ಆದರೆ ಚಳಿಗೆ ತೊಟ್ಟಿ ಹುದುಗಲೇ ಇಲ್ಲ. ಎರಡೂ ಮನೆಯ ಕಂಬಳಿಗಳನ್ನು ಅದಕ್ಕೆ ಸುತ್ತಿ ನಾವು ಕೋಟು ಹೊದ್ದು ಮಲಗಿದೆವು. ಕೊನೆಗೊಂದು ಬೆಳಿಗ್ಗೆ ನಿಮ್ಮ ತಮ್ಮ ತೊಟ್ಟಿಗೆ ಕಿವಿಯಿಟ್ಟು, "ಅತ್ತಿಗೆ, ಒಳಗೆ ಗುಸುಗುಸು ಶುರುವಾಯ್ತು" ಎಂದ, ತೊಟ್ಟಿಲಿನ ಮಗು ಎದ್ದೀತು ಎನ್ನುವ ಹಾಗೆ ಮೆಲ್ಲಗೆ. ಆಮೇಲೆ ಮೇಲೆ ತೇಲುವ ಸಿಪ್ಪೆಯನ್ನು ಬೆಳಿಗ್ಗೆ ಅವನು ಒತ್ತಿ ಮುಳುಗಿಸುತ್ತಿದ್ದ, ಸಂಜೆ ನಾನು. ನನ್ನ ಕೈ ಇನ್ನೂ ಮೊಣಕೈವರೆಗೆ ನೇರಳೆ. ಅಂಚೆಯವನು ನೋಡಿ ಔಷಧ ಹಚ್ಚಿಕೊಳ್ಳಿ ಎಂದು ಹೋದ.

ಪೀಪಾಯಿಗೆ ತುಂಬಿಸಿದ ಮೇಲೆ ಪೀಪಾಯಿ ಮೇಸ್ತ್ರಿಯನ್ನು ಕರೆಸಿದೆವು. ನಿಮ್ಮ ವೈನಿಗಾಗಲಿ ನಿಮ್ಮ ತಮ್ಮನದಕ್ಕಾಗಲಿ ಇಷ್ಟು ವರ್ಷ "ಪರವಾಗಿಲ್ಲ" ಎಂಬುದರ ಆಚೆಗೆ ಹೋಗದ ಮನುಷ್ಯ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಾಗಿಲಿಗೆ ನಡೆದ. ಉಗುಳಲು ಹೋದ ಎಂದುಕೊಂಡೆವು. ಬೆಳಕಿಗೆ ಲೋಟ ಹಿಡಿದು ನೋಡಿ, ನುಂಗಿ, ಇದನ್ನು ಇಬ್ಬರಲ್ಲಿ ಯಾರು ಮಾಡಿದ್ದು ಎಂದು ಕೇಳಿದ. ನಿಮ್ಮ ತಮ್ಮ ನನ್ನ ಲೋಟಕ್ಕೂ ಒಂದಿಷ್ಟು ಸುರಿದ. ರುಚಿ ನನಗೆ ತಿಳಿದಷ್ಟು ಹೇಳುತ್ತೇನೆ: ಮೊದಲು ನಿಮ್ಮ ಹಣ್ಣಿನ ಹುಳಿ ನಾಲಿಗೆಯ ತುದಿಯನ್ನು ಎಬ್ಬಿಸುತ್ತದೆ, ಅದರ ಬೆನ್ನಿಗೇ ಅವನ ಹಣ್ಣಿನ ಗಾಢತೆ ಬಂದು ಕೂರುತ್ತದೆ. ಇನ್ನೂ ಎಳೆಯದು, ಒರಟು. ಪೀಪಾಯಿಯಲ್ಲಿ ವರ್ಷ ಕಳೆಯಬೇಕು. ಆದರೆ ನಮ್ಮ ನೆಲಮಾಳಿಗೆಯಲ್ಲಿ ಇಂಥದ್ದು ಆಗಿರಲಿಲ್ಲ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಮೊಮ್ಮಗಳ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಡಾಕ್ಟರ ಮಾತು ಕೇಳಿ.

ನಿಮ್ಮ,
ಮನೆಯವಳು

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮ ತಮ್ಮ ಗುರುವಾರದ ಬಸ್ಸಿಗೆ ಅಲ್ಲಿಗೆ ಬರುತ್ತಿದ್ದಾನೆ. ಕೇಳಿದರೆ ಬೇರೇನೋ ಕೆಲಸವಿತ್ತು ಎನ್ನುತ್ತಾನೆ, ನಂಬಿದ ಹಾಗೆ ಮಾಡಿ. ಕೋಟಿನೊಳಗೆ ಒಂದು ಸೀಸೆ ಇರುತ್ತದೆ, ಮೇಲೆ ಚೀಟಿ ಇರುವುದಿಲ್ಲ. ಯಾವ ಹೆಸರು ಹಾಕಬೇಕೆಂದು ಅಣ್ಣ ಹೇಳಲಿ ಎಂದು ಹಾಗೇ ಬಿಟ್ಟಿದ್ದಾನೆ. ಬಾಗಿಲು ತಟ್ಟಿದರೆ ಮಗಳನ್ನು ಕಳಿಸಬೇಡಿ; ಕೋಲು ಹಿಡಿದು, ನಿಧಾನವಾಗಿ, ನೀವೇ ಹೋಗಿ ತೆಗೆಯಿರಿ.