ಒಂಬತ್ತು ಎಣಿಸುವವರೆಗೆ

ಮಾರ್ಚ್ ೧೨, ಬುಧವಾರ

ವಿದ್ಯಾಶ್ರೀಯ ಡಬ್ಬಿಯಲ್ಲಿ ತೇವ ಹೀರಲು ಇಟ್ಟಿದ್ದ ನೀಲಿ ಹರಳುಗಳು ಬೆಳಿಗ್ಗೆಯೇ ತೇವ ತುಂಬಿ ಗುಲಾಬಿಯಾಗಿದ್ದವು. ನೋಡಿದೆ, ಹೇಳಲಿಲ್ಲ. ತೇವ ತಾಗಿದರೆ ನಾವು ತಯಾರಿಸುವ ಹೊಳೆಯುವ ಕಾರ್ಬನ್ ಪುಡಿ ಕತ್ತಲಲ್ಲಿ ಬೆಳಗುವುದಿಲ್ಲ ಎಂದು ಅವಳಿಗೆ ಕಲಿಸಿದವಳೇ ನಾನು. ದೀಪ ಆರಿಸಿದ ಮೇಲೆ ನನ್ನ ಪುಡಿ ನಾಲ್ಕು ಸೆಕೆಂಡು ಹೊಳೆಯುತ್ತದೆ, ಅವಳದು ಒಂಬತ್ತು.

ಹನ್ನೊಂದಕ್ಕೆ ಕಾಕಿ ಬುಕಿತ್‌ನ ನಮ್ಮ ಲ್ಯಾಬಿಗೆ ಇನ್ವೆಸ್ಟರ್‌ಗಳು ಬಂದರು. ಬಾಸ್ ಶಿವರಾಮ್ ವಿದ್ಯಾಶ್ರೀಯ ಪುಡಿಯ ಮೇಲೆ ಬಿಟ್ಟಿದ್ದ ಯುವಿ ಲ್ಯಾಂಪ್ ಆರಿಸಿದರು. ಎಲ್ಲರೂ ಎಣಿಸಲು ಬಾಯಿ ತೆರೆದರು. ‘ಒನ್’ ಎನ್ನುವಷ್ಟರಲ್ಲಿ ಕತ್ತಲು. ನಾನು ನಕ್ಕಿದ್ದು ಯಾರಿಗೂ ಕಾಣಲಿಲ್ಲ.

“ಒಂದು ವರ್ಷ ಇದನ್ನೇನಾ ಮಾಡಿದ್ದು? ನಿನ್ನ ವರ್ಕ್ ಪಾಸ್ ರಿನ್ಯೂ ಮಾಡಕ್ಕಾಗಲ್ಲಮ್ಮ, ಊರಿಗೆ ಹೋಗ್ಬೇಕಾಗತ್ತೆ,” ಎಂದರು ಶಿವರಾಮ್ ಅವಳಿಗೆ, ಎಲ್ಲರ ಎದುರೇ.

ಊಟಕ್ಕೆ ಅವಳನ್ನು ಹಾಕರ್ ಸೆಂಟರಿಗೆ ನಾನೇ ಕರೆದುಕೊಂಡು ಹೋದೆ. ಅವಳು ತಟ್ಟೆ ಮುಟ್ಟಲಿಲ್ಲ.

“ನಾನು ಸುಳ್ಳು ರಿಸಲ್ಟ್ ಕೊಟ್ಟಿಲ್ಲ ಹಂಸಕ್ಕ. ನೀವಾದ್ರೂ ನಂಬ್ತೀರಲ್ಲ?”

“ಕಣ್ಣಾರೆ ನೋಡಿದ್ಮೇಲೆ ಹೇಗೆ ನಂಬ್ಲಿ ವಿದ್ಯಾ?” ಎಂದು ನನ್ನ ಊಟ ಮುಗಿಸಿದೆ. ಹಸಿವೂ ಚೆನ್ನಾಗಿತ್ತು.

ಈಗ ರಾತ್ರಿ ಮನೆಯ ಬೀರುವಿನಲ್ಲಿ ವಿದ್ಯಾ ಕೊಟ್ಟ ಕಾರ್ಡು ಸಿಕ್ಕಿತು. ನನ್ನ ಹುಟ್ಟುಹಬ್ಬಕ್ಕೆಂದು ಅದೇ ಪುಡಿಯಿಂದ ನನ್ನ ಹೆಸರು ಬರೆದು, ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದಳು. ಪ್ಲಾಸ್ಟಿಕ್ಕಿನೊಳಗೆ ತೇವ ಹೋಗಿಲ್ಲ. ಯುವಿ ಟಾರ್ಚ್ ಬಿಟ್ಟು ಆರಿಸಿದೆ. ಎಣಿಸಬಾರದು ಎಂದುಕೊಂಡೇ ಎಣಿಸಿದೆ. ಒಂಬತ್ತರವರೆಗೂ ಹಸಿರಾಗಿ ‘ಹಂಸಾ’ ಎಂದೇ ಇತ್ತು. ಮತ್ತೆ ನೋಡಿದೆ. ಒಂಬತ್ತು.

ಅದರ ನಾಲ್ಕೂ ಅಂಚು ಕತ್ತರಿಸಿ ಸಿಂಕಿನ ನೀರಿನಲ್ಲಿ ಹಾಕಿ ಬಂದಿದ್ದೇನೆ. ತೇವ ಒಳಗಿಳಿದ ಮೇಲೆ ಇನ್ನೊಂದು ಸಲ ಎಣಿಸಿ ಮಲಗಬೇಕು.