ಎರಡನೆಯ ಚಪ್ಪಾಳೆ

ಕಾಲೇಜು ಹಾಸ್ಟೆಲ್, ಓಹಾಯೋ
ಭಾನುವಾರ ಮಧ್ಯಾಹ್ನ

ಮಾನ್ಯ ಶ್ರೀಮತಿ ಆರ್ಫಾ ವೆಂಗರ್ ಅವರಿಗೆ,

ಮೊದಲು ಕ್ಷಮಿಸಿ. ಗುರುತು ಪರಿಚಯ ಇಲ್ಲದವಳು ಹೀಗೆ ಏಕಾಏಕಿ ನಿಮಗೆ ಕಾಗದ ಬರೆಯುವುದು ಸರಿಯಲ್ಲ. ಬರೆಯದೆ ಸುಮ್ಮನಿರೋಣವೆಂದು ನೋಡಿದೆ, ಆಗಲಿಲ್ಲ. ನಮ್ಮಪ್ಪ ಇಂಗ್ಲೆಂಡಿನವರು, ಬೇರೆಯವರು ತಮ್ಮ ಕಾಲು ತುಳಿದರೂ ತಾವೇ ‘ಸಾರಿ’ ಎನ್ನುವ ಮನೆತನ. ಅಮ್ಮ ಇಲ್ಲಿಯವಳೇ, ಯಾರಿಗೂ ಯಾವುದಕ್ಕೂ ಕ್ಷಮೆ ಕೇಳಿದವಳಲ್ಲ. ನನಗೆ ಬಂದಿರುವುದು ಅಪ್ಪನ ಪಾಲೇ ಹೆಚ್ಚು. ಆದ್ದರಿಂದ ಈ ಕಾಗದದಲ್ಲಿ ಇನ್ನೂ ಒಂದೆರಡು ಕಡೆ ಕ್ಷಮೆ ಕೇಳಿದರೆ ಅದನ್ನೂ ಕ್ಷಮಿಸಿಬಿಡಿ.

ನಾನು ಯಾರೆಂದರೆ, ಹೋದ ತಿಂಗಳು ಊರಿನ ಸಂಗೀತ ಭವನದಲ್ಲಿ ಸಿಂಫನಿಯ ಮೊದಲ ಭಾಗ ಮುಗಿದದ್ದೇ ತಡ, ಇಡೀ ಸಭೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದ ಹುಡುಗಿ. ಕೆಂಪು ಕೋಟು. ನಿಮ್ಮ ಮುಂದಿನ ಸಾಲು. ನೆನಪಾಯಿತೇ?

ನಾಲ್ಕು ಭಾಗಗಳೂ ಮುಗಿಯುವವರೆಗೆ ಚಪ್ಪಾಳೆ ಹೊಡೆಯಬಾರದು ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅಂದು ಬೆಳಿಗ್ಗೆಯೇ ಕಾಲೇಜಿನ ಸಂಗೀತ ತರಗತಿಯಲ್ಲಿ ಹೇಳಿದ್ದರು. ಆದರೆ ಆ ಕೊನೆ ಇತ್ತಲ್ಲ, ನಗಾರಿಗಳು ಗುಡುಗಿ, ಕಹಳೆಗಳೆಲ್ಲ ಒಟ್ಟಿಗೆ ಕೂಗಿ, ‘ಮುಗಿಯಿತು, ಮುಗಿಯಿತು, ಕಣ್ರಪ್ಪಾ ಮುಗಿಯಿತು’ ಎಂದು ಸಾರಿದ ಹಾಗೆ ನಿಂತಿತಲ್ಲ, ಆಗ ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಅವುಗಳ ತಪ್ಪೂ ಅಲ್ಲ. ಒಂಬತ್ತನೆಯ ವಯಸ್ಸಿನಿಂದ ನಾನು ಬೆಳೆದದ್ದು ಬೋರ್ಡಿಂಗ್ ಶಾಲೆಯ ಹಾಸ್ಟೆಲಿನಲ್ಲಿ. ಅಲ್ಲಿ ಭಾನುವಾರ ಊಟವಾದ ಮೇಲೆ ಯಾರಾದರೂ ಪಿಯಾನೊ ನುಡಿಸಬೇಕು, ಅದು ನಿಂತ ಕ್ಷಣಕ್ಕೆ ನಾವೆಲ್ಲ ಚಪ್ಪಾಳೆ ಹೊಡೆಯಬೇಕು. ಎಲ್ಲರಿಗಿಂತ ತಡಮಾಡಿದವಳು ಊಟದ ಮೇಜುಗಳನ್ನೆಲ್ಲ ಒರೆಸಬೇಕು. ನಮ್ಮ ವಾರ್ಡನ್ ಮಿಸ್ ಗ್ರೂಬ್ ಕಣ್ಣು ಹದ್ದಿನ ಕಣ್ಣು. ನಾನು ಅಷ್ಟು ವರ್ಷದಲ್ಲಿ ಒಂದು ಸಲವೂ ಮೇಜು ಒರೆಸಿದವಳಲ್ಲ ಎಂದರೆ ನನ್ನ ಕೈ ಎಷ್ಟು ಚುರುಕೆಂದು ನೀವೇ ಊಹಿಸಿ.

ಅಂದು ಆ ಚುರುಕೇ ಮುಳುವಾಯಿತು. ಸಭೆಗೆ ಸಭೆಯೇ ನನ್ನತ್ತ ತಿರುಗಿತು. ಪಿಟೀಲಿನವರು ಕಮಾನು ಕೆಳಗಿಳಿಸಿ ನೋಡಿದರು. ಹಿಂದಿನಿಂದ ಯಾರೋ ‘ಶ್!’ ಎಂದರು. ಕುರ್ಚಿಯ ಅಡಿಗೆ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ತಿರುಗಿ ನೋಡಿದರೆ, ನೀವು ಒಂದು ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಅದನ್ನು ಬಾಯಲ್ಲೇ ಹಿಡಿದುಕೊಂಡು, ಪಟಪಟನೆ ಚಪ್ಪಾಳೆ ಹೊಡೆದಿರಿ. ಆಮೇಲೆ ಕೈಗವಸನ್ನು ಮಡಿಲಿಗೆ ಉದುರಿಸಿ, ಪಕ್ಕದಲ್ಲಿದ್ದ ಬೋಳುತಲೆಯ ಹಿರಿಯರಿಗೆ ಹೇಳಿದಿರಿ: “ನೀನೇ ಶ್, ವಿಲ್ಬರ್. ಗೊರಕೆ ಹೊಡೀತಿದ್ದೋನು ಈಗ ಎದ್ದು ನಮಗೆ ಬುದ್ಧಿ ಹೇಳ್ತೀಯಾ?” ಮತ್ತೆ ನನ್ನ ಭುಜ ತಟ್ಟಿ, “ಚೆನ್ನಾಗಿತ್ತು ಕಣಮ್ಮ. ಹೊಡೀಬೇಕು ಅನ್ನಿಸ್ತು, ಹೊಡೆದೆ. ಏನೀಗ?” ಎಂದಿರಿ.

ನಿಮಗೆ ಕೃತಜ್ಞತೆ ಹೇಳುವುದನ್ನೂ ಮರೆತೆ. ವಿರಾಮದಲ್ಲಿ ಕೋಟಿನ ಗುಂಡಿ ಸಹ ಹಾಕಿಕೊಳ್ಳದೆ ಓಡಿಹೋದೆ. ಕ್ಷಮಿಸಿ.

ಮರುದಿನದಿಂದ ತರಗತಿಯಲ್ಲಿ ನನ್ನ ಹೆಸರು ಹೆಸ್ಟರ್ ಅಲ್ಲ. ಬಸೂನ್ ಊದುವ ಲೋವೆಲ್ ಎಂಬುವನಿದ್ದಾನೆ, ಅವನ ವಾದ್ಯ ಅವನಷ್ಟೇ ಉದ್ದ, ನಾಲಿಗೆ ಅದಕ್ಕಿಂತ ಉದ್ದ. ನಾನು ಬಾಗಿಲಲ್ಲಿ ಕಾಣುತ್ತಲೇ, “ಏಳ್ರೋ, ಚಪ್ಪಾಳೆ ಮಹಾರಾಣಿ ಬಂದ್ರು!” ಎನ್ನುತ್ತಾನೆ. ನಾನು ಸೀನಿದರೆ, “ಇದು ಮೊದಲ ಭಾಗ ಅಷ್ಟೇ, ಯಾರೂ ಹೊಡೀಬೇಡಿ” ಎನ್ನುತ್ತಾನೆ. ಎಲ್ಲರೂ ನಕ್ಕರೆ ನಾನೂ ನಗುತ್ತಿದ್ದೆ; ಆದರೆ ಒಳಗೊಳಗೇ, ಈ ಸಂಗೀತ ನನ್ನಂಥವಳಿಗಲ್ಲ, ಇದು ಎಲ್ಲಿ ಸುಮ್ಮನಿರಬೇಕೆಂದು ಹುಟ್ಟಿನಿಂದಲೇ ತಿಳಿದವರಿಗೆ ಎನ್ನಿಸತೊಡಗಿತು.

ಸಂಗೀತದ ಚರಿತ್ರೆಯ ಪಾಠ ಮಾತ್ರ ನನಗೆ ಪ್ರಾಣ, ಶ್ರೀಮತಿ ವೆಂಗರ್. ಅದನ್ನು ಹೇಗೆ ಹೇಳಲಿ? ಸೆಪ್ಟೆಂಬರಿನಲ್ಲಿ ಹಳೆಯ ಕಾಲದ ಕ್ರೈಸ್ತ ಸನ್ಯಾಸಿಗಳ ಪ್ರಾರ್ಥನಾಗೀತೆಯಿಂದ ಶುರುವಾಯಿತು, ಒಂದೇ ಎಳೆ, ಕಲ್ಲುಗೋಡೆಯ ನಡುವೆ ಒಬ್ಬರೇ ನಡೆದ ಹಾಗೆ. ಆಮೇಲೆ ಆ ಎಳೆಗೆ ಇನ್ನೊಂದು ಎಳೆ ಸೇರಿತು, ಮತ್ತೊಂದು, ಕೊನೆಗೆ ಜಡೆ ಹೆಣೆದ ಹಾಗೆ. ಅಕ್ಟೋಬರಿನಲ್ಲಿ ಬರೋಕ್ ಬಂತು, ಮುನ್ನೂರು ವರ್ಷ ಹಿಂದಿನ ಅಲಂಕಾರಮಯ ಸಂಗೀತ. ನಮ್ಮ ಬೋರ್ಡಿಂಗ್ ಶಾಲೆಯಲ್ಲಿ ಸುರುಳಿ ಸುರುಳಿ ಕೆತ್ತನೆಯ ಮೆಟ್ಟಿಲ ಕಟಾಂಜನವೊಂದಿತ್ತು, ಅದರ ಮೇಲೆ ಜಾರಲು ಮಿಸ್ ಗ್ರೂಬ್ ಯಾರನ್ನೂ ಬಿಡುತ್ತಿರಲಿಲ್ಲ. ಬರೋಕ್ ಸಂಗೀತ ಕೇಳಿದ ದಿನ ಮನಸ್ಸಿನಲ್ಲೇ ಅದರ ಮೇಲಿಂದ ಕೆಳಗಿನವರೆಗೂ ಜಾರಿದೆ. ಪರೀಕ್ಷೆಯೂ ಸೊಗಸು: ಯಾವುದೋ ಕೃತಿಯ ನಡುವಿನಿಂದ ಒಂದು ತುಣುಕು ಕೇಳಿಸಿ, ಇದು ಯಾವ ಕಾಲದ್ದು ಎನ್ನುತ್ತಾರೆ. ತಲೆ ಯೋಚಿಸುವ ಮೊದಲೇ ಕಿವಿ ಉತ್ತರ ಹೇಳಿಬಿಟ್ಟಿರುತ್ತದೆ.

ಇಷ್ಟೆಲ್ಲ ಇದ್ದರೂ ಬಿಟ್ಟುಬಿಡೋಣವೆಂದು ನಿರ್ಧರಿಸಿದೆ. ಅಪ್ಪ ಫೋನಿನಲ್ಲಿ, “ಹೆಸ್ಟರ್, ಕ್ಷಮಿಸು, ನಾನು ಹೇಳಬಾರದು, ಆದರೂ ಲೆಕ್ಕಶಾಸ್ತ್ರ ಅಂತ ಒಂದಿದೆಯಲ್ಲ, ಅಲ್ಲಿ ಯಾರೂ ಯಾರನ್ನೂ ತಿರುಗಿ ನೋಡೋದಿಲ್ಲ” ಎಂದರು. ಅದು ನನಗೆ ಸ್ವರ್ಗದಂತೆ ಕೇಳಿಸಿತು. ಪ್ರೊಫೆಸರ್ ಝೆಲ್ಲರ್ ಕೋಣೆಗೆ ಹೋದೆ. ಸಂಗೀತದ ಚರಿತ್ರೆ ಕಲಿಸುವವರು ಅವರೇ. ಸೇಬು ಹೆಚ್ಚಿ, ಒಂದೊಂದು ಹೋಳಿನ ಮೇಲೆ ಚೀಸ್ ಇಟ್ಟುಕೊಂಡು ತಿನ್ನುತ್ತಿದ್ದರು. ಎಲ್ಲವನ್ನೂ ಹೇಳಿದೆ.

“ನೀನು ಮಾಡಿದ್ದು ತಪ್ಪು ಅಂತ ಯಾರು ಹೇಳಿದ್ದು?”

“ಎಲ್ಲರೂ, ಸರ್.”

“ಎಲ್ಲರೂ ಅಂದ್ರೆ? ಯಾವ ಶತಮಾನದ ಎಲ್ಲರೂ?”

ಅವರು ನಗುತ್ತಾ ನನಗೂ ಒಂದು ಹೋಳು ಕೊಟ್ಟರು. “ಈ ಸಿಂಫನಿಗಳು ಹುಟ್ಟಿದ ಕಾಲದಲ್ಲಿ ಜನ ಹೇಗೆ ಕೇಳ್ತಿದ್ರು ಗೊತ್ತಾ? ಮಾತಾಡ್ತಾ, ಓಡಾಡ್ತಾ. ಒಂದು ಭಾಗ ಮುಗಿದು ಚಪ್ಪಾಳೆ ಬೀಳದಿದ್ರೆ ಬರೆದೋನಿಗೆ ಎದೆ ಧಸಕ್ ಅಂತಿತ್ತು. ಹಿಡಿಸಿದ್ರೆ ಅದೇ ಭಾಗನ ಇನ್ನೊಂದು ಸಲ ನುಡಿಸಿ ಅಂತ ಕೂಗೋರು. ಈ ಗಪ್‌ಚುಪ್ ಎಲ್ಲ ಆಮೇಲೆ ಬಂದಿದ್ದು, ನಿಧಾನಕ್ಕೆ, ಒಬ್ಬರನ್ನ ನೋಡಿ ಒಬ್ಬರು ಕಲಿತದ್ದು. ನೀನು ತಪ್ಪು ಮಾಡ್ಲಿಲ್ಲ ಮಗೂ. ಇನ್ನೂರೈವತ್ತು ವರ್ಷ ತಡವಾಗಿ ಬಂದೆ, ಅಷ್ಟೇ.”

ನನಗೆ ಅಳುವೂ ಬಂತು, ನಗುವೂ ಬಂತು, ಚೀಸ್ ನೆತ್ತಿಗೇರಿತು. ಅವರು ನೀರು ಕೊಟ್ಟು, ಅಷ್ಟಕ್ಕೇ ಬಿಡದೆ ನನ್ನನ್ನು ಸಿಕ್ಕಿಸಿಹಾಕಿದರು. ಸೆಮಿಸ್ಟರ್ ಮುಗಿಯುವ ಮುನ್ನ ಮೊದಲ ವರ್ಷದವರು ಊರಿನವರ ಮುಂದೆ ಒಂದು ಕಾರ್ಯಕ್ರಮ ಕೊಡುವ ಪದ್ಧತಿ ಇದೆಯಲ್ಲ, ಈ ಸಲ ಅದರಲ್ಲಿ ನಾನು ಚಪ್ಪಾಳೆಯ ಚರಿತ್ರೆಯ ಬಗ್ಗೆ ಮಾತಾಡಬೇಕಂತೆ. ಆಮೇಲೆ ನಮ್ಮ ತರಗತಿಯವರು ಹಳೆಯ ಕಾಲದ ಒಂದು ಪುಟ್ಟ ಸಿಂಫನಿಯನ್ನು ಹಳೆಯ ಕಾಲದ ಹಾಗೆಯೇ ನುಡಿಸುವುದು: ಕೇಳುವವರು ಯಾವಾಗ ಬೇಕಾದರೂ ಚಪ್ಪಾಳೆ ಹೊಡೆಯಬಹುದು. ಅದೇ ಸಂಗೀತ ಭವನ, ಈ ಗುರುವಾರ ಸಂಜೆ. ನಾನು ಹೂಂ ಎಂದೆ. ಅಪ್ಪನಿಗೂ ಹೇಳಿದೆ: ಗುರುವಾರ ಚೆನ್ನಾಗಿ ಆದರೆ ಸಂಗೀತದಲ್ಲೇ ಉಳಿಯುತ್ತೇನೆ, ಇಲ್ಲವಾದರೆ ನಿಮ್ಮ ಲೆಕ್ಕಶಾಸ್ತ್ರ.

ಮೊನ್ನೆ ಶುಕ್ರವಾರ ಅಭ್ಯಾಸ ನಡೆಯಿತು. ಅರ್ಧ ತರಗತಿ ವೇದಿಕೆಯ ಮೇಲೆ, ಉಳಿದರ್ಧ ಕೆಳಗೆ. ನಾನು ಮಾತಾಡಿದೆ. ಪ್ರೊಫೆಸರ್ ಝೆಲ್ಲರ್ ಎದ್ದು, “ಧಾರಾಳವಾಗಿ ಹೊಡೀರಿ, ಯಾರೂ ಬೈಯೋದಿಲ್ಲ” ಎಂದರು. ಮೊದಲ ಭಾಗ ಮುಗಿಯಿತು. ಒಬ್ಬರೂ ಅಲುಗಲಿಲ್ಲ! ಹೀಟರಿನ ಕೊಳವೆ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಕೈಗಳೆಲ್ಲ ಮಡಿಲಲ್ಲಿ, ಚರ್ಚಿನಲ್ಲಿ ಕೂತ ಹಾಗೆ. ನಾನು ಹೊಡೆದೆ. ವೇದಿಕೆಯಿಂದ ಲೋವೆಲ್, “ಮತ್ತೆ ಶುರು ಮಾಡಿದ್ಲಪ್ಪಾ!” ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಪ್ಪಾಳೆ ಮಾತ್ರ ಯಾರದೂ ಬೀಳಲಿಲ್ಲ. ಆಮೇಲೆ ಲೋವೆಲ್ಲೇ ಹತ್ತಿರ ಬಂದು, ಈ ಸಲ ಮೆಲ್ಲಗೆ, “ಬೇಜಾರು ಮಾಡ್ಕೋಬೇಡ ಕಣೇ. ಹೊಡೀಬೇಕು ಅಂತ ನಮಗೂ ಇರುತ್ತೆ. ಕೈ ಏಳೋದಿಲ್ಲ, ಅಷ್ಟೇ” ಎಂದ.

ಆ ಸಂಜೆ ಹಾಸ್ಟೆಲಿಗೆ ನಡೆದುಬರುವಾಗ ನಿಮ್ಮ ನೆನಪಾಯಿತು. ಅಂದು ನಾಚಿಕೆಯಲ್ಲಿ ಗಮನಿಸಿರದ ಒಂದು ಸಂಗತಿ ಆಗ ಹೊಳೆಯಿತು: ನೀವು ಹೊಡೆದ ಮೇಲೆ ಬಾಲ್ಕನಿಯಲ್ಲೂ ಯಾರೋ ಹೊಡೆದಿದ್ದರು, ಬಾಗಿಲ ಹತ್ತಿರವೂ ಒಂದಿಬ್ಬರು. ಕೋಲು ಹಿಡಿದ ವಾದ್ಯವೃಂದದ ನಿರ್ದೇಶಕರು ಅರ್ಧ ತಿರುಗಿ ನಕ್ಕಿದ್ದರು. ನಾನು ಒಬ್ಬಳೇ ಇದ್ದಾಗ ನಾನೊಂದು ಪೆದ್ದು. ನೀವು ಸೇರಿದ ಮೇಲೆ ನಾವು ಸಂಗೀತ ಕೇಳಲು ಬಂದ ಜನ. ಮೊದಲ ಚಪ್ಪಾಳೆಯನ್ನು ನನ್ನಂಥ ಯಾರು ಬೇಕಾದರೂ ಹೊಡೆದುಬಿಡಬಹುದು. ನನಗೆ ಬೇಕಾಗಿರುವುದು ಎರಡನೆಯದು.

ಶನಿವಾರ ಭವನಕ್ಕೆ ಹೋಗಿ, ಟಿಕೆಟ್ ಕೊಡುವಾಕೆಗೆ ನಿಮ್ಮ ಗುರುತು ಹೇಳಿ ನೀವು ಯಾರೆಂದು ಕೇಳಿದೆ. “ಹಸಿರು ಟೋಪಿ ಅಜ್ಜಿನಾ? ಆರ್ಫಾ ವೆಂಗರ್. ಅಂಚೆ ಕಚೇರಿ ಹಿಂದಿನ ಬೀದಿ, ನೀಲಿ ಬಾಗಿಲು. ಫೋನ್ ಮಾಡ್ಬೇಡ, ಎತ್ತೋದಿಲ್ಲ. ಕಾಗದ ಹಾಕು, ಎರಡು ಸಲ ಓದ್ತಾರೆ” ಎಂದಳು. ಅದಕ್ಕೇ ಈ ಕಾಗದ. ನನಗೆ ಅವಳು ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಅವಳನ್ನೂ ಕ್ಷಮಿಸಿ.

ಗುರುವಾರ ಸಂಜೆ ಏಳಕ್ಕೆ ಬರುತ್ತೀರಾ? ನಿಮ್ಮ ಅದೇ ಕುರ್ಚಿಯನ್ನು ಕಾದಿರಿಸಲು ಹೇಳಿದ್ದೇನೆ, ಪಕ್ಕದ್ದನ್ನು ವಿಲ್ಬರ್ ಅವರಿಗೆ. ಅವರು ಗೊರಕೆ ಹೊಡೆಯಲಿ, ಶ್ ಎನ್ನಲಿ, ಆ ಕಾಲದಲ್ಲಿ ಅದೂ ನಡೆಯುತ್ತಿತ್ತಂತೆ. ಮಾತು ಮುಗಿಸಿ ನಾನು ಕೆಳಗಿಳಿದು ನಿಮ್ಮ ಮುಂದಿನ ಸಾಲಿನಲ್ಲೇ ಕೂರುತ್ತೇನೆ, ಕೆಂಪು ಕೋಟಿನಲ್ಲಿ. ಮೊದಲ ಭಾಗ ನಿಲ್ಲುತ್ತದೆ, ನಾನು ಹೊಡೆಯುತ್ತೇನೆ. ಆದರೆ ದಯವಿಟ್ಟು, ನಿಜವಾಗಿ ಹಿಡಿಸಿದರೆ ಮಾತ್ರ ನೀವು ಹೊಡೆಯಿರಿ. ಹಿಡಿಸದಿದ್ದರೆ ಸುಮ್ಮನಿರಿ; ನಾನು ಏನೂ ಅಂದುಕೊಳ್ಳುವುದಿಲ್ಲ. (ಅಂದುಕೊಳ್ಳುತ್ತೇನೆ. ಕ್ಷಮಿಸಿ.)

ಈ ಚಳಿಗಾಲ ನಿಮ್ಮ ಮನೆ ಬೆಚ್ಚಗಿರಲಿ, ನಿಮ್ಮ ಕೈಗಳು ಅದಕ್ಕಿಂತ ಬೆಚ್ಚಗಿರಲಿ. ಗುರುವಾರ ಮಾತ್ರ ಕೈಗವಸನ್ನು ಒಳಗೆ ಬರುವ ಮೊದಲೇ ತೆಗೆದುಬಿಡಿ.

ನಿಮ್ಮ ಮುಂದಿನ ಸಾಲಿನ,
ಹೆಸ್ಟರ್ ಕ್ರೇಕ್

ಕುರ್ಚಿಗಳನ್ನು ಬುಧವಾರದವರೆಗೆ ಮಾತ್ರ ಹಿಡಿದಿಡುತ್ತಾರಂತೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.