ಸೂಜಿ ಚುಚ್ಚಿದ ತಂತಿ

ಪ್ರಣೀಲ್,

ರೊಟ್ಟಿ ಡಬ್ಬಿಯಲ್ಲಿದೆ, ಬದನೆಕಾಯಿ ಪಲ್ಯ ಬಿಸಿ ಮಾಡಿಕೋ. ನಾನು ಟ್ಯಾಕ್ಸಿ ಓಡಿಸುವ ಸೆಮಿಯ ಹಳ್ಳಿಗೆ ಹೋಗುತ್ತಿದ್ದೇನೆ.

ನಿನ್ನೆ ಅವನ ಟ್ಯಾಕ್ಸಿಯ ಹೆಡ್‌ಲೈಟ್ ತಂತಿಗೆ ಸುತ್ತಿದ್ದ ಟೇಪು ಬಿಚ್ಚಿದೆ. ಒಳಗೆ, ಕರೆಂಟ್ ಬರುತ್ತಿದೆಯಾ ಎಂದು ನೋಡುವ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದ ತೂತುಗಳಿದ್ದವು. ಉಪ್ಪುಗಾಳಿ ಹೊಕ್ಕು ತಾಮ್ರವೆಲ್ಲ ಹಸಿರುಗಟ್ಟಿದೆ. ಆ ಕಾರಿಗೆ ನಮ್ಮಿಬ್ಬರ ಕೈ ಬಿಟ್ಟು ಬೇರೆ ಕೈ ತಾಗಿಲ್ಲ.

ತಂತಿಗೆ ಚುಚ್ಚಬೇಡ, ಕನೆಕ್ಟರ್ ಬಿಚ್ಚಿ ನೋಡು ಎಂದು ಎಷ್ಟು ಸಲ ಹೇಳಿಲ್ಲ? ಸೋಮಾರಿತನವನ್ನಾದರೂ ಕ್ಷಮಿಸುತ್ತಿದ್ದೆ. ಆದರೆ ಮೊನ್ನೆ ಅವನ ಲೈಟು ಕೆಟ್ಟು ಬಂದಾಗ ನಾನು ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು, "ನಾನು ಮುಟ್ಟೇ ಇಲ್ಲ ಭಯ್ಯಾ, ಅವ್ನೇ ಸಮುದ್ರದ ನೀರಲ್ಲಿ ಓಡ್ಸಿರ್ತಾನೆ" ಅಂದೆಯಲ್ಲ! ಅದನ್ನು ನಂಬಿ ನಾನು ನಮ್ಮ ರಿಪೇರಿ ಅಂಗಡಿಯಲ್ಲಿ ಎಲ್ಲರೆದುರು ಸೆಮಿಯನ್ನು ಬೈದೆ. "ಸರಿ ಬಾಸ್, ನೀವ್ ಹೇಳಿದ್ಮೇಲೆ ಹಾಗೇ ಇರ್ಬೇಕು" ಎಂದು ತಲೆ ತಗ್ಗಿಸಿ ಹೋದ.

ಈಗ ಅವರ ಪದ್ಧತಿಯಂತೆ, ಅವರು ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಮುಂದಿಟ್ಟು, ಅವನ ಚಾಪೆಯ ಮೇಲೆ ಕೂತು ಕ್ಷಮೆ ಕೇಳಬೇಕು. ಅವನು ಬೇರು ಮುಟ್ಟಿ ಸ್ವೀಕರಿಸಿದರೆ ಅಲ್ಲೇ ಹೊಸ ತಂತಿ ಹಾಕಿ ಬರುತ್ತೇನೆ. ಕ್ರಿಂಪಿಂಗ್ ಇಕ್ಕಳ, ಪಿನ್ ಬಿಡಿಸುವ ಕಡ್ಡಿಗಳು ನನ್ನ ಬಳಿ ಇವೆ, ಹುಡುಕಬೇಡ. ಟೆಸ್ಟ್ ಲ್ಯಾಂಪ್ ಮೇಜಿನ ಮೇಲಿದೆ. ಅದರ ಸೂಜಿಯನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿದ್ದೇನೆ.

ಅಮ್ಮನಿಗೆ ಏನೂ ಹೇಳಬೇಡ.

ಸಂಜೆ ಮಂಡಳಿಯ ರಾಮಾಯಣ ಪಾರಾಯಣದಲ್ಲಿ ತಮ್ಮನು ಅಣ್ಣನ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ಬರುವ ಭಾಗವಿದೆ. ಓದುವ ಸರದಿ ನಿನ್ನದು. ಅದನ್ನು ಕೇಳಿದಾಗಲೆಲ್ಲ ನಾನು ಅಳುತ್ತೇನೆಂದು ನಿನಗೆ ಗೊತ್ತು. ಇವತ್ತು ನಿನ್ನ ಎದುರಿಗೇ ಕೂತಿರುತ್ತೇನೆ. ನನ್ನ ಮುಖ ನೋಡಿಕೊಂಡು ಓದು.

ಭಯ್ಯಾ